ವಿಯೆಟ್ನಾಂನಲ್ಲಿ ಊರಿಂದೂರಿಗೆ ಹೇಗೆ ಹೋಗೋದು, ದುಡ್ಡು ಹೇಗೆ ಒಯ್ಯೋದು?

ಪ್ರಶ್ನೆ

ಮಾರ್ಚ್‌ನಲ್ಲಿ 11 ದಿನ ವಿಯೆಟ್ನಾಂ ಪ್ರವಾಸ. ಹನೋಯಿಯಲ್ಲಿ ಇಳಿದು ನಿನ್ ಬಿನ್, ಹ್ಯೂ, ಹೋಯಿ ಆನ್ ನೋಡಿಕೊಂಡು ಹೋ ಚಿ ಮಿನ್ ನಗರದಿಂದ ಬೆಂಗಳೂರಿಗೆ ವಾಪಸ್. ನಾವಿಬ್ಬರು, 8 ವರ್ಷದ ಮಗಳು, 68 ವರ್ಷದ ಅಮ್ಮ. ಅಮ್ಮನಿಗೆ ಮಂಡಿ ನೋವು, ಎಲ್ಲರೂ ಸಸ್ಯಾಹಾರಿಗಳು. ಊರಿಂದೂರಿಗೆ ರೈಲು, ಬಸ್ಸು, ವಿಮಾನ, ಯಾವುದು ವಾಸಿ? ನಗದು ಎಷ್ಟು ಬೇಕಾಗುತ್ತೆ, ಡಾಲರ್ ಒಯ್ಯಬೇಕಾ, ಕಾರ್ಡ್ ಸಾಕಾ? ತಿಳಿದವರು ದಯವಿಟ್ಟು ಬರೆಯಿರಿ.

ಹಳಿಗುಂಟ

ಇಡೀ ಪ್ರವಾಸಕ್ಕೆ ಒಂದೇ ವಾಹನ ಅಂತ ಹುಡುಕಬೇಡಿ, ಒಂದೊಂದು ಹಾದಿಗೂ ಬೇರೆ ಲೆಕ್ಕ. ಹನೋಯಿಯಿಂದ ಸೈಗಾನ್‌ಗೆ ರೈಲು ಹಳಿ 1,726 ಕಿ.ಮೀ. (ಹೋ ಚಿ ಮಿನ್ ನಗರದ ರೈಲು ನಿಲ್ದಾಣಕ್ಕೆ ಇವತ್ತಿಗೂ ಸೈಗಾನ್ ಅಂತಲೇ ಹೆಸರು.) ಮೀಟರ್ ಗೇಜ್, ಬಹುಪಾಲು ಒಂಟಿ ಹಳಿ, ಹಾಗಾಗಿ ವೇಗ ಕಡಿಮೆ. ಪೂರ್ತಿ ಹೋದರೆ 32ರಿಂದ 35 ಗಂಟೆ. ಆದರೆ ನಿಮ್ಮ ದಾರಿಯ ಎರಡು ತುಂಡಿಗೆ ರೈಲೇ ಸರಿ.

ಮೊದಲನೆಯದು ನಿನ್ ಬಿನ್‌ನಿಂದ ಹ್ಯೂಗೆ ರಾತ್ರಿ ರೈಲು. ರಾತ್ರಿ ಹತ್ತು–ಹನ್ನೊಂದರ ಸುಮಾರಿಗೆ ಹತ್ತಿದರೆ ಬೆಳಗ್ಗೆ ಒಂಬತ್ತು–ಹತ್ತಕ್ಕೆ ಹ್ಯೂ. ನಾಲ್ಕು ಬರ್ತಿನ ಮೆತ್ತನೆ ಹಾಸಿಗೆಯ ಕೋಣೆ ತೊಗೊಳ್ಳಿ. ನೀವು ನಾಲ್ಕೇ ಜನ ಇರೋದರಿಂದ ಇಡೀ ಕೋಣೆ ನಿಮ್ಮದೇ, ಬಾಗಿಲು ಹಾಕಿಕೊಳ್ಳಬಹುದು. ಆರು ಬರ್ತಿನದು ಅಗ್ಗ, ಆದರೆ ಮೇಲಿನ ಬರ್ತಿನಲ್ಲಿ ಕೂರೋಕೂ ಆಗಲ್ಲ. ಟಿಕೆಟ್‌ನಲ್ಲಿ ಟಿ1 ಅಂದರೆ ಕೆಳಗಿನ ಬರ್ತು, ಟಿ2 ಮೇಲಿನದು. ಕೆಳಗಿನದಕ್ಕೆ ದರ ಸ್ವಲ್ಪ ಜಾಸ್ತಿ. ಅಮ್ಮನಿಗೆ ಟಿ1 ಕಡ್ಡಾಯ, ಯಾಕೆಂದರೆ ಮೇಲೆ ಹತ್ತೋಕೆ ಇರೋದು ಪುಟ್ಟ ಪುಟ್ಟ ಮೆಟ್ಟಿಲು. ಇನ್ನೊಂದು ವಿಷಯ: ಅಲ್ಲಿ ಪ್ಲಾಟ್‌ಫಾರಂ ನಮ್ಮಲ್ಲಿಗಿಂತ ತಗ್ಗು, ಬೋಗಿಗೆ ಏರೋ ಮೆಟ್ಟಿಲು ಕಡಿದು. ಒಬ್ಬರು ಮೊದಲು ಹತ್ತಿ ಮೇಲಿಂದ ಕೈ ಕೊಡಬೇಕು, ಲಗೇಜ್ ಆಮೇಲೆ.

ಎರಡನೆಯದು ಹ್ಯೂ–ಡಾ ನಾಂಗ್ (ಹೋಯಿ ಆನ್‌ಗೆ ಹೋಗೋರು ಇಳಿಯೋ ಊರು). 103 ಕಿ.ಮೀ.ಗೆ ಎರಡೂವರೆಯಿಂದ ಮೂರು ಗಂಟೆ. ನಿಧಾನವಾದರೇನು, ಹಳಿ ಹಾಯ್ ವಾನ್ ಗುಡ್ಡವನ್ನು ಸಮುದ್ರದ ಅಂಚಿನಲ್ಲೇ ಸುತ್ತುತ್ತದೆ. ದಕ್ಷಿಣಕ್ಕೆ ಹೋಗುವಾಗ ಕಡಲು ಎಡಗಡೆ, ಸೀಟು ಆ ಕಡೆಯದೇ ಹಿಡಿಯಿರಿ. 2024ರ ಮಾರ್ಚ್‌ನಿಂದ ಈ ಎರಡು ಊರಿನ ಮಧ್ಯೆ ಪ್ರವಾಸಿಗಳಿಗೆಂದೇ ರೈಲು ಬಿಟ್ಟಿದ್ದಾರೆ. ಶುರುವಿನಲ್ಲಿ ದರ 1,50,000 ಡಾಂಗ್ (ಅಲ್ಲಿನ ಹಣ) ಇತ್ತು. ಹಗಲಲ್ಲೇ ಹೋಗಿ, ಕತ್ತಲಲ್ಲಿ ಹೋದರೆ ಬಸ್ಸೇ ಮೇಲು.

ಟಿಕೆಟ್ ಸರ್ಕಾರಿ ರೈಲ್ವೆ ಜಾಲತಾಣದಲ್ಲೇ ಸಿಗುತ್ತದೆ, ಆದರೆ ಹೊರದೇಶದ ಕಾರ್ಡನ್ನು ಅದು ಒಮ್ಮೊಮ್ಮೆ ತೊಗೊಳ್ಳಲ್ಲ. ಆಗ ಬಾವ್‌ಲಾವ್, 12ಗೋ ಥರದ ಏಜೆಂಟ್ ತಾಣಗಳು. ಒಂದಿಷ್ಟು ಶುಲ್ಕ ಸೇರುತ್ತದೆ ಅಷ್ಟೇ. ಪಾಸ್‌ಪೋರ್ಟ್ ಸಂಖ್ಯೆ ಟಿಕೆಟ್‌ಗೂ ಪುಸ್ತಕಕ್ಕೂ ತಾಳೆಯಾಗಬೇಕು. ಮಗಳಿಗೆ 10 ತುಂಬಿಲ್ಲ, ಮಕ್ಕಳ ರಿಯಾಯಿತಿ ಇದೆ, ವಯಸ್ಸು ಸರಿಯಾಗಿ ಹಾಕಿ.

ಕೆಂಗೇರಿ ಗೇಟ್

ಮೇಲಿನವರ ಮಾತಿಗೆ ಒಂದು ತಕರಾರು. ಮಂಡಿ ನೋವಿರುವವರಿಗೆ ಹನ್ನೊಂದು ಗಂಟೆ ರೈಲು ಯಾಕೆ? ಹನೋಯಿಯಿಂದ ಹ್ಯೂಗೆ ವಿಮಾನ ಸುಮಾರು ಒಂದೂಕಾಲು ಗಂಟೆ.

ಹಳಿಗುಂಟ

ಹನೋಯಿಯಿಂದಲೇ ನೇರ ಹೋಗುವುದಾದರೆ ನಿಮ್ಮ ಮಾತು ಸರಿ. ಇವರು ನಿನ್ ಬಿನ್‌ನಲ್ಲಿರುತ್ತಾರೆ, ಅಲ್ಲಿ ವಿಮಾನ ನಿಲ್ದಾಣವಿಲ್ಲ. ನಿನ್ ಬಿನ್ ಹನೋಯಿಗೆ ದಕ್ಷಿಣ, ನೋಯ್ ಬಾಯ್ ವಿಮಾನ ನಿಲ್ದಾಣ ಹನೋಯಿಗೆ ಉತ್ತರ. ವಾಪಸ್ ಊರು ದಾಟಿ ಹೋಗೋಕೆ ಎರಡೂವರೆ ಗಂಟೆ, ಅಲ್ಲಿ ಎರಡು ಗಂಟೆ ಮುಂಚೆ ಇರಬೇಕು, ಹಾರಾಟ, ಆಮೇಲೆ ಹ್ಯೂನ ವಿಮಾನ ನಿಲ್ದಾಣ ಫು ಬಾಯ್‌ನಿಂದ ಪೇಟೆಗೆ 15 ಕಿ.ಮೀ. ಕೂಡಿಸಿದರೆ ಒಂದು ಹಗಲು ಹೋಯಿತು. ರೈಲಿನಲ್ಲಿ ಅವರು ಮಲಗಿರುತ್ತಾರೆ, ಒಂದು ರಾತ್ರಿಯ ಹೋಟೆಲ್ ಬಾಡಿಗೆಯೂ ಉಳಿಯಿತು. ಅಮ್ಮನಿಗೆ ರೈಲು ಬೇಡವೇ ಬೇಡ ಅಂದರೆ ನಿನ್ ಬಿನ್ ಅನ್ನು ಹನೋಯಿಯಿಂದ ಒಂದೇ ದಿನದಲ್ಲಿ ನೋಡಿ ಬಂದು, ಮಾರನೆ ದಿನ ಹನೋಯಿಯಿಂದ ಹಾರಲಿ.

ಡಾ ನಾಂಗ್‌ನಿಂದ ಸೈಗಾನ್‌ಗೆ ಮಾತ್ರ ನನ್ನ ವೋಟೂ ವಿಮಾನಕ್ಕೇ. ರೈಲಿನಲ್ಲಿ 935 ಕಿ.ಮೀ., 17–18 ಗಂಟೆ. ವಿಮಾನದಲ್ಲಿ ಒಂದೂವರೆ ಗಂಟೆಯೊಳಗೆ. ಡಾ ನಾಂಗ್ ವಿಮಾನ ನಿಲ್ದಾಣ ಊರೊಳಗೇ ಇದೆ. ಅಗ್ಗದ ಟಿಕೆಟ್‌ನಲ್ಲಿ ಕೈಚೀಲ 7 ಕೆ.ಜಿ. ಮಾತ್ರ, ಗೇಟಿನಲ್ಲಿ ತೂಗುತ್ತಾರೆ. ದೊಡ್ಡ ಬ್ಯಾಗಿನ ತೂಕವನ್ನು ಟಿಕೆಟ್ ಜೊತೆಗೇ ಕೊಂಡುಕೊಳ್ಳಿ, ಕೌಂಟರ್‌ನಲ್ಲಿ ಕೊಂಡರೆ ದುಬಾರಿ.

ಗಂಡುಮೆಟ್ಟಿನ ಮಂದಿ

ಬಸ್ಸಿನ ವಿಚಾರ ಯಾರೂ ಬರದಿಲ್ಲ, ನಾ ಹೇಳ್ತೀನ್ರಿ. ಹನೋಯಿಯಿಂದ ನಿನ್ ಬಿನ್‌ಗೆ ರೈಲಿಗಿಂತ ಲಿಮೋಸಿನ್ ವ್ಯಾನ್ ಚಲೋ. ಒಂಬತ್ತು ಸೀಟಿನ ಗಾಡಿ, ಎರಡು ತಾಸಿನ ಹಾದಿ, ಹಳೇ ಪೇಟೆಯ ಹೋಟೆಲ್ ಬಾಗಿಲಿಗೇ ಬಂದು ಹತ್ತಿಸ್ಕೊಂಡು ಹೋಗ್ತಾರ. ಅವ್ವಾರಿಗೆ ಮೆಟ್ಟಲಾ ಹತ್ತೂ ತ್ರಾಸ ಇಲ್ಲ. ಕಡೀ ಸಾಲಿನ ಸೀಟ್ ಮಾತ್ರ ಬ್ಯಾಡ್ರಿ, ಕುಲುಕಾಟ ಭಾಳ.

ಸ್ಲೀಪರ್ ಬಸ್ಸು ಅಂದ್ರ ನಮ್ಮ ಹುಬ್ಬಳ್ಳಿ–ಬೆಂಗಳೂರು ಗಾಡಿ ಹಂಗ ಅಂತ ತಿಳ್ಕೋಬ್ಯಾಡ್ರಿ. ಹಳೇ ನಮೂನಿದ್ರಾಗ ಹಾಸಿಗಿ ಸಣ್ಣದು, ಕಾಲು ಒಂದು ಡಬ್ಬಿಯೊಳಗ ತೂರಿಸಬೇಕು. ಐದೂವರೆ ಅಡಿ ದಾಟಿದವ್ರಿಗೆ ಕಾಲು ಚಾಚಾಕ ಆಗಂಗಿಲ್ಲ. ಹತ್ತೂ ಮುಂದ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲದಾಗ ಹಾಕ್ಬೇಕು. ನಸುಕಿನ ನಾಕಕ್ಕ ಊರ ಹೊರಗ ಇಳಿಸಿದ್ರೂ ಇಳಿಸಿದ್ರ. ಮಂಡಿ ನೋವಿನವ್ರಿಗೆ ಇದು ಬ್ಯಾಡಾ ಬ್ಯಾಡ.

ರೈಲಿನಾಗ ಊಟದ ಗಾಡಿ ಬರ್ತದ, ಆದ್ರ ಹೆಚ್ಚಾಗಿ ಮಾಂಸದ್ದ. ಬೋಗಿಯ ಒಂದು ತುದೀಗೆ ಕುದಿಯೂ ನೀರಿನ ನಳ ಇರ್ತದ. ಬಿಸಿನೀರು ಹಾಕಿದ್ರ ಆಗೂ ಉಪ್ಪಿಟ್ಟು, ಗೊಜ್ಜವಲಕ್ಕಿ ಪೊಟ್ಟಣ ಮತ್ತ ಮುಚ್ಚಳ ಗಟ್ಟಿ ಇರೋ ಸ್ಟೀಲ್ ಡಬ್ಬಿ ಒಯ್ರಿ, ರಾತ್ರಿ ಊಟ ಮುಗೀತು. ಪ್ಯಾಟ್ಯಾಗ ಅಂಗಡಿ ಮುಂದ 'ಚಾಯ್' ಅಂತ ಬೋರ್ಡ್ ಇದ್ರ ಅದು ಚಹಾ ಅಲ್ಲ, ಸಸ್ಯಾಹಾರ!

ನೋಟು-ಚಿಲ್ಲರೆ

ಇನ್ನು ದುಡ್ಡು. ಡಾಂಗ್‌ನ ಸೊನ್ನೆ ನೋಡಿ ಎದೆ ಒಡೆದುಕೊಳ್ಳಬೇಡಿ, ನಮ್ಮ ಲಕ್ಷದ ಲೆಕ್ಕದಲ್ಲಿ ಹಿಡಿದರೆ ಸಲೀಸು. ಒಂದು ಲಕ್ಷ ಡಾಂಗ್ ಅಂದರೆ ಈಗ ಸುಮಾರು 330–350 ರೂಪಾಯಿ. ಒಂದು ಡಾಲರ್‌ಗೆ 26,000ದ ಆಸುಪಾಸು, ಅಂದರೆ ನೂರು ಡಾಲರ್‌ಗೆ 26 ಲಕ್ಷ. ಹೊರಡುವ ವಾರ ದರ ಮತ್ತೆ ನೋಡಿಕೊಳ್ಳಿ. ಅಲ್ಲಿ ಅಲ್ಪವಿರಾಮದ ಜಾಗಕ್ಕೆ ಚುಕ್ಕಿ ಹಾಕುತ್ತಾರೆ: 85.000 ಅಂದರೆ ಎಂಬತ್ತೈದು ಸಾವಿರ. ಮೆನುವಿನಲ್ಲಿ 85 ಪಕ್ಕ 'ಕೆ' ಇದ್ದರೂ ಅದೇ. ಟ್ಯಾಕ್ಸಿ ಮೀಟರ್‌ನಲ್ಲಿ 68.5 ಕಂಡರೆ 68,500. ಇಲ್ಲಿ ಸೊನ್ನೆ ತಪ್ಪಿದರೆ ಹತ್ತು ಪಟ್ಟು ಕೊಟ್ಟು ಬರುತ್ತೀರಿ.

ನೋಟುಗಳಲ್ಲಿ ಎಡವೋದು ನೀಲಿ ಬಣ್ಣದಲ್ಲಿ. 20,000 ನೀಲಿ, 5,00,000ವೂ ನೀಲಿ. ಎಲ್ಲದರ ಮೇಲೂ ಹೋ ಚಿ ಮಿನ್ ಮುಖವೇ. ರಾತ್ರಿ ಮಂದ ಬೆಳಕಲ್ಲಿ ಎಳನೀರಿಗೆ ಐದು ಲಕ್ಷದ ನೋಟು ಕೊಟ್ಟರೆ ಸುಮಾರು 1,600 ರೂಪಾಯಿ ಕೈ ಬಿಟ್ಟಂತೆ. 10,000 ಮತ್ತು ಅದರ ಮೇಲಿನವು ಪಾಲಿಮರ್ ನೋಟು, ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಜ್ಜಿ ಎಣಿಸಿ. ಲಕ್ಷ ಮತ್ತು ಮೇಲಿನವು ಒಂದು ಪರ್ಸಿನಲ್ಲಿ, ಕೆಳಗಿನವು ಇನ್ನೊಂದರಲ್ಲಿ ಇದ್ದರೆ ಈ ತಾಪತ್ರಯವೇ ಇಲ್ಲ.

ಎಷ್ಟು ಬೇಕು? ಹೋಟೆಲ್, ರೈಲು, ವಿಮಾನ ಮೊದಲೇ ಕಾರ್ಡ್‌ನಲ್ಲಿ ಕಟ್ಟಿದರೆ ಉಳಿಯೋದು ಊಟ, ಊರೊಳಗಿನ ಓಡಾಟ, ದೋಣಿ, ಪ್ರವೇಶ ಶುಲ್ಕ. ಹ್ಯೂ ಅರಮನೆಗೆ ತಲೆಗೆ ಎರಡು ಲಕ್ಷ, ಹೋಯಿ ಆನ್ ಹಳೇ ಪೇಟೆಗೆ 1,20,000. ನಾಲ್ವರಿಗೆ ದಿನಕ್ಕೆ 20–25 ಲಕ್ಷ ಡಾಂಗ್ ಹಿಡಿಯಿರಿ, 11 ದಿನಕ್ಕೆ ಒಟ್ಟು 2.2ರಿಂದ 2.75 ಕೋಟಿ. (ಮನೆಯಲ್ಲಿ ಹೀಗೇ ಹೇಳಿ ನೋಡಿ, ಮುಖ ನೋಡೋಕೆ ಚೆಂದ.) ಇದರಲ್ಲಿ 600–700 ಡಾಲರ್ ನಗದು, ಮಿಕ್ಕಿದ್ದು ಕಾರ್ಡ್.

ಡಾಂಗನ್ನು ಬೆಂಗಳೂರಲ್ಲಿ ಹುಡುಕಬೇಡಿ, ಸಿಕ್ಕರೂ ದರ ಕೆಟ್ಟದು. ರೂಪಾಯಿ ಒಯ್ದು ಅಲ್ಲಿ ಬದಲಾಯಿಸೋದೂ ಲುಕ್ಸಾನು. ಡಾಲರೇ ಸರಿ. ಎಂ.ಜಿ. ರಸ್ತೆ ಕಡೆಯ ಎರಡು ಮೂರು ಪರವಾನಗಿ ಇರುವ ಅಂಗಡಿಗೆ ಫೋನ್ ಮಾಡಿ, ಎಲ್ಲಾ ಸೇರಿ ಕೈಗೆ ಎಷ್ಟು ಬೀಳುತ್ತೆ ಅಂತ ಕೇಳಿ. ಜಿಎಸ್‌ಟಿ ಕನಿಷ್ಠ 45 ರೂಪಾಯಿ ಇದ್ದೇ ಇರುತ್ತದೆ. ಪಾಸ್‌ಪೋರ್ಟ್, ಪ್ಯಾನ್, ವೀಸಾ, ಟಿಕೆಟ್ ಪ್ರತಿ ಬೇಕು. 50,000 ರೂಪಾಯಿ ದಾಟಿದರೆ ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು. ನೂರರ ನೋಟುಗಳನ್ನೇ ಕೇಳಿ, ಸಣ್ಣ ನೋಟಿಗೆ ಅಲ್ಲಿ ದರ ಕಡಿಮೆ. ಮಡಿಕೆ, ಶಾಯಿ, ಸೀಲು, ಹರುಕು ಇರುವ ನೋಟು ಅಲ್ಲಿ ನಡೆಯಲ್ಲ, ಕೌಂಟರ್‌ನಲ್ಲೇ ಹಿಂದಕ್ಕೆ ಕೊಡಿ. ವಿಮಾನ ನಿಲ್ದಾಣದಲ್ಲಿ ಕೊಳ್ಳೋದು ಕೊನೆಯ ದಾರಿ.

ಮಿತಿಗಳು: ಒಬ್ಬರು ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನಗದು ಒಯ್ಯಬಹುದು. ವಿಯೆಟ್ನಾಂ ಒಳಗೆ 5,000 ಡಾಲರ್ ಅಥವಾ ಒಂದೂವರೆ ಕೋಟಿ ಡಾಂಗ್ ಮೀರಿದರೆ ಕಸ್ಟಮ್ಸ್‌ಗೆ ಹೇಳಬೇಕು.

ಪಿನ್ ನಂಬರ್

ಕಾರ್ಡಿನ ಬಗ್ಗೆ. ಡಾಲರ್ ತುಂಬಿದ ಫಾರೆಕ್ಸ್ ಕಾರ್ಡ್ ಇಲ್ಲಿ ಅಷ್ಟು ಲಾಭವಲ್ಲ, ಇದನ್ನು ಕಾರ್ಡ್ ಮಾರುವವರು ಹೇಳೋದು ಕಡಿಮೆ. ಕಾರ್ಡಿನಲ್ಲಿರೋದು ಡಾಲರ್, ಖರ್ಚು ಡಾಂಗ್‌ನಲ್ಲಿ. ಹಾಗಾಗಿ ಪ್ರತಿ ಸಲವೂ ಕರೆನ್ಸಿ ಬದಲಾವಣೆಯ ಶುಲ್ಕ ಬೀಳುತ್ತದೆ, ಅನೇಕ ಕಾರ್ಡುಗಳಲ್ಲಿ 3.5 ಶೇಕಡಾದ ಹತ್ತಿರ. ಈ ಶುಲ್ಕ (ಮಾರ್ಕಪ್) ಶೂನ್ಯ ಇರುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡ್ ಒಂದಿದ್ದರೆ ಅದೇ ವಾಸಿ. ಜೊತೆಗೆ ಬೇರೆ ಬ್ಯಾಂಕಿನದು ಇನ್ನೊಂದು, ಬೇರೆಯವರ ಜೇಬಿನಲ್ಲಿ. ಅಲ್ಲಿ ಬೀದಿಬೀದಿಯಲ್ಲಿ ಕ್ಯೂಆರ್ ಕಾಣುತ್ತದೆ, ಅದು ಅಲ್ಲಿನ ಬ್ಯಾಂಕ್ ಖಾತೆಗಳದ್ದು. ಯುಪಿಐ ನಂಬಿಕೊಂಡು ಹೋಗಬೇಡಿ.

ಹೊರಡುವ ಮುಂಚೆ ಬ್ಯಾಂಕ್ ಆ್ಯಪ್‌ನಲ್ಲಿ ಅಂತಾರಾಷ್ಟ್ರೀಯ ಬಳಕೆ ಆನ್ ಮಾಡಿ. 2020ರಿಂದ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ಎಟಿಎಂ, ಅಂಗಡಿ, ಆನ್‌ಲೈನ್ ಮೂರಕ್ಕೂ ಬೇರೆ ಬೇರೆ ಗುಂಡಿ. ಒಂದನ್ನೇ ಆನ್ ಮಾಡಿ ಎಟಿಎಂ ಮುಂದೆ ನಿಂತು ಪೇಚಾಡುವವರೇ ಹೆಚ್ಚು.

ಎಟಿಎಂನಲ್ಲಿ ಅನೇಕ ಕಡೆ ಒಂದು ಸಲಕ್ಕೆ 20–30 ಲಕ್ಷ ಡಾಂಗ್ ಮಾತ್ರ. ಅಲ್ಲಿನ ಬ್ಯಾಂಕಿನ ಶುಲ್ಕ 50,000 ಅಂದುಕೊಂಡರೆ 20 ಲಕ್ಷಕ್ಕೆ ಅದೇ ಎರಡೂವರೆ ಶೇಕಡಾ ಆಯಿತು, ನಮ್ಮ ಬ್ಯಾಂಕಿನದು ಬೇರೆ. ಹಾಗಾಗಿ ಯಂತ್ರ ಕೊಡುವಷ್ಟನ್ನೂ ಒಂದೇ ಸಲ ತೆಗೆಯಿರಿ. ರೂಪಾಯಿಗೆ ಪರಿವರ್ತಿಸಲೇ ಅಂತ ಪರದೆ ಕೇಳಿದರೆ ಬೇಡ ಅನ್ನಿ, ಒಪ್ಪಿದರೆ ಅವರ ದರ. ಕೆಲವು ಯಂತ್ರ ಮೊದಲು ದುಡ್ಡು ಕೊಟ್ಟು ಆಮೇಲೆ ಕಾರ್ಡ್ ಕೊಡುತ್ತದೆ. ದುಡ್ಡು ಬಂತಲ್ಲ ಅಂತ ತಿರುಗಿ ಹೊರಟರೆ ಕಾರ್ಡ್ ಒಳಗೇ. ಬ್ಯಾಂಕಿನ ಬಾಗಿಲಲ್ಲಿರುವ ಎಟಿಎಂ ಅನ್ನೇ ಬ್ಯಾಂಕ್ ತೆರೆದಿರುವ ಹೊತ್ತಲ್ಲಿ ಬಳಸಿ, ಸಿಕ್ಕಿಕೊಂಡರೂ ಕೇಳೋಕೆ ಜನ ಇರುತ್ತಾರೆ.

ಒಟಿಪಿ ಬರೋಕೆ ನಮ್ಮ ಸಿಮ್ ಫೋನಿನಲ್ಲೇ ಇರಲಿ, ರೋಮಿಂಗ್ ಆನ್, ಡೇಟಾ ಆಫ್. ಡೇಟಾಗೆ ಅಲ್ಲಿನ ಇ-ಸಿಮ್. ಟ್ಯಾಕ್ಸಿ ಕರೆಯುವ ಗ್ರ್ಯಾಬ್ ಆ್ಯಪ್ ಅನ್ನು ಇಲ್ಲೇ ಹಾಕಿ ನಮ್ಮ ನಂಬರ್‌ನಲ್ಲಿ ನೋಂದಾಯಿಸಿಕೊಂಡು ಹೋಗಿ. ಪಾವತಿ ನಗದು ಅಂತಲೇ ಇಟ್ಟುಕೊಳ್ಳಬಹುದು, ಆದರೆ ಡ್ರೈವರ್ ಹತ್ತಿರ ಐದು ಲಕ್ಷಕ್ಕೆ ಚಿಲ್ಲರೆ ಇರಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಇನ್ನೆರಡು: ಡಾಲರ್ ಅಲ್ಲಿ ಎಲ್ಲಿ ಬದಲಾಯಿಸೋದು? ಚಿನ್ನದಂಗಡಿಯಲ್ಲಿ ದರ ಜಾಸ್ತಿ ಅಂತಾರಲ್ಲ? ಮತ್ತೆ ಹೋಯಿ ಆನ್‌ಗೆ ರೈಲೇ ಕಾಣ್ತಿಲ್ಲ.

ನೋಟು-ಚಿಲ್ಲರೆ

ನೋಯ್ ಬಾಯ್‌ನಲ್ಲಿ ಇಳಿದ ತಕ್ಷಣ 100 ಡಾಲರ್ ಮಾತ್ರ. ಮಿಕ್ಕಿದ್ದು ಪೇಟೆಯ ಬ್ಯಾಂಕಿನಲ್ಲಿ, ಪಾಸ್‌ಪೋರ್ಟ್ ತೋರಿಸಿ. ಚಿನ್ನದಂಗಡಿಯಲ್ಲಿ ದರ ತುಸು ಜಾಸ್ತಿ ಸಿಗೋದು ನಿಜ, ಆದರೆ ಪರವಾನಗಿ ಇಲ್ಲದ ಕಡೆ ಬದಲಾಯಿಸೋದು ಕೊಟ್ಟವರಿಗೂ ಅಪರಾಧ. 2018ರಲ್ಲಿ ಕಾನ್ ಥೋ ನಗರದಲ್ಲಿ 100 ಡಾಲರ್ ಬದಲಾಯಿಸಿದ ಒಬ್ಬರಿಗೆ ಒಂಬತ್ತು ಕೋಟಿ ಡಾಂಗ್ ದಂಡ ಹಾಕಿ, ಗಲಾಟೆಯಾದ ಮೇಲೆ ಕೈಬಿಟ್ಟರು. 2019ರ ನಿಯಮದಲ್ಲಿ ಸಣ್ಣ ಮೊತ್ತಕ್ಕೆ ಎಚ್ಚರಿಕೆ ಅಷ್ಟೇ ಅಂತಾಯಿತು. ಆದರೂ 600 ಡಾಲರ್‌ಗೆ ಉಳಿಯುವ ನಾಲ್ಕು ಕಾಸಿಗೆ ಯಾಕೆ ಆ ಕಿರಿಕಿರಿ. ಪರವಾನಗಿ ಫಲಕ ಇದ್ದರೆ ಸರಿ.

ಎಲ್ಲವನ್ನೂ ಮೊದಲ ದಿನವೇ ಬದಲಾಯಿಸಬೇಡಿ. ಉಳಿದ ಡಾಲರ್ ಮನೆಗೆ ತಂದರೆ ಬೆಲೆ ಇದೆ (2,000 ಡಾಲರ್‌ವರೆಗೆ ಇಟ್ಟುಕೊಳ್ಳಲೂಬಹುದು), ಉಳಿದ ಡಾಂಗ್‌ಗೆ ಬೆಂಗಳೂರಲ್ಲಿ ಗಿರಾಕಿ ಇಲ್ಲ. ಕೊನೆಯ ದಿನ ಹೋಟೆಲ್ ಬಾಕಿಗೆ ಇರುವ ಡಾಂಗ್ ಎಲ್ಲಾ ಕೊಟ್ಟು, ಕಡಿಮೆ ಬಿದ್ದಷ್ಟನ್ನು ಕಾರ್ಡ್‌ನಲ್ಲಿ ಉಜ್ಜಿ.

ಹಳಿಗುಂಟ

ಹೋಯಿ ಆನ್‌ಗೆ ರೈಲೂ ಇಲ್ಲ, ವಿಮಾನವೂ ಇಲ್ಲ. ಡಾ ನಾಂಗ್‌ನಲ್ಲಿ ಇಳಿದು 30 ಕಿ.ಮೀ. ಗ್ರ್ಯಾಬ್ ಕಾರು, ಮುಕ್ಕಾಲು ಗಂಟೆ. ಅಮ್ಮನಿಗೆ ರೈಲಿನ ಮೆಟ್ಟಿಲು ಒಂದು ಸಲಕ್ಕೇ ಸಾಕೆನಿಸಿದರೆ ಹ್ಯೂನಿಂದಲೇ ಬಾಡಿಗೆ ಕಾರು ಮಾಡಿ, ಹೋಟೆಲ್‌ನವರೇ ಗೊತ್ತು ಮಾಡಿಕೊಡುತ್ತಾರೆ. ಆದರೆ 'ಹಾಯ್ ವಾನ್ ಗುಡ್ಡದ ಮೇಲಿನ ರಸ್ತೆ' ಅಂತ ಬರೆಸಿಕೊಳ್ಳಿ. ಬರೀ ಹೋಯಿ ಆನ್ ಅಂದರೆ 2005ರಲ್ಲಿ ತೆರೆದ ಆರು ಕಿ.ಮೀ. ಸುರಂಗದಲ್ಲಿ ನುಗ್ಗಿಸಿಬಿಡುತ್ತಾರೆ, ಕಡಲು ಕಾಣಲ್ಲ.

ಕೆಂಗೇರಿ ಗೇಟ್

ಹೋಯಿ ಆನ್‌ನಲ್ಲಿ ಸ್ಕೂಟರ್ ಬಾಡಿಗೆಗೆ ಕೊಡುತ್ತೇವೆ ಅಂತ ಹೋಟೆಲಿನವರೇ ಕೇಳುತ್ತಾರೆ. ಬೇಡ. ಭಾರತ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ಜಿನೀವಾ ಒಪ್ಪಂದದ್ದು, ವಿಯೆಟ್ನಾಂ ಮಾನ್ಯ ಮಾಡೋದು 1968ರ ವಿಯೆನ್ನಾ ಒಪ್ಪಂದದ್ದನ್ನು. ಬಿದ್ದರೆ ಪ್ರಯಾಣ ವಿಮೆಯವರು ಇದನ್ನೇ ಹಿಡಿದು ಕ್ಲೇಮ್ ತಳ್ಳಿಹಾಕಬಹುದು. ಅಲ್ಲಿ ಸೈಕಲ್ ಸಾಕು, ಅಮ್ಮನಿಗೆ ಸೈಕಲ್ ರಿಕ್ಷಾ. ಹತ್ತುವ ಮೊದಲೇ ನಾಲ್ವರಿಗಾ ಒಬ್ಬರಿಗಾ, ಡಾಂಗ್‌ನಲ್ಲಾ ಡಾಲರ್‌ನಲ್ಲಾ ಅಂತ ಫೋನಿನಲ್ಲಿ ಅಂಕಿ ಬರೆದು ತೋರಿಸಿ ಒಪ್ಪಿಸಿಕೊಳ್ಳಿ.