ಫಿಲ್ಟರ್, ಎಕ್ಸಾಸ್ಟ್ ಬದಲಾಯಿಸಿದ ಮೇಲೆ ಪಟಪಟ ಶಬ್ದ, ಕಪ್ಪು ಪ್ಲಗ್: ಟ್ಯೂನಿಂಗ್ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಸರ್, ನನ್ನದು 400 ಸಿಸಿ ಸಿಂಗಲ್ ಸಿಲಿಂಡರ್ ಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಬೈಕ್. ಮೊದಲು ಫ್ರೀ ಫ್ಲೋ ಏರ್ ಫಿಲ್ಟರ್ ಹಾಕಿದೆ. ವಾರ ಬಿಟ್ಟು ಬೆಂಡ್ ಪೈಪ್ ಸಮೇತ ಎಕ್ಸಾಸ್ಟ್ ಪೂರ್ತಿ ಬದಲಾಯಿಸಿದೆ. ಹಳೆಯ ಓ2 (ಆಮ್ಲಜನಕ) ಸೆನ್ಸರನ್ನೇ ಹೊಸ ಪೈಪ್‌ಗೆ ಕೂರಿಸಿದ್ದೇನೆ. ಈಗ ಥ್ರಾಟಲ್ ಬಿಟ್ಟ ತಕ್ಷಣ ಪಟಪಟ ಸಿಡಿಯುತ್ತದೆ. ಮೈಲೇಜ್ ಇಳಿದಿದೆ. ಪ್ಲಗ್ ಬಿಚ್ಚಿದರೆ ಕಪ್ಪು ಮಸಿ. 6,000 ಆರ್‌ಪಿಎಂ ದಾಟಿದರೆ ಮೊದಲಿನ ಎಳೆತ ಇಲ್ಲ. ಎಲ್ಲರೂ "ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಆಗಿದೆ, ಪಿಗ್ಗಿಬ್ಯಾಕ್ (ಪೆಟ್ರೋಲ್ ಲೆಕ್ಕ ತಿದ್ದುವ ಹೆಚ್ಚುವರಿ ಡಬ್ಬಿ) ಹಾಕ್ಸು" ಅಂತಾರೆ. ಒಬ್ಬರು ಮಾತ್ರ "ಸುಮ್ನೆ ಓಡಿಸು, ಇಸಿಯು (ಇಂಜಿನ್ ಕಂಪ್ಯೂಟರ್) ತಾನೇ ಕಲಿತುಕೊಳ್ಳುತ್ತೆ" ಅಂದರು. ಯಾರ ಮಾತು ಕೇಳಲಿ?

ಟ್ಯೂನರ್: ಸದ್ಯಕ್ಕೆ ಪ್ಲಗ್ ಮಾತು ಕೇಳಿ. ಲೀನ್ ಆಗಿದ್ದರೆ ಅದು ಬೆಳ್ಳಗಿರಬೇಕಿತ್ತು, ಮಸಿ ಯಾಕೆ ಬಂತು?

ನನ್ನ ಅನುಮಾನ ಬೆಂಡ್ ಪೈಪ್ ಇಂಜಿನ್ ಹೆಡ್‌ಗೆ ಸೇರುವ ಜಾಗದ ಮೇಲೆ. ಅಲ್ಲಿ ಸಣ್ಣ ಲೀಕ್ ಇದ್ದರೂ ಸಾಕು. ಎಕ್ಸಾಸ್ಟ್ ಬರೀ ಹೊರಗೆ ದಬ್ಬುವುದಿಲ್ಲ. ಒಂದು ಬಡಿತಕ್ಕೂ ಮುಂದಿನ ಬಡಿತಕ್ಕೂ ನಡುವೆ ಪೈಪ್ ಒಳಗೆ ಒತ್ತಡ ಇಳಿಯುತ್ತದೆ, ಆಗ ಆ ಸಂದಿಯಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಸೆನ್ಸರ್‌ಗೆ ಆ ಗಾಳಿಯ ಆಮ್ಲಜನಕ ಕಾಣಿಸುತ್ತದೆ. "ಪೆಟ್ರೋಲ್ ಸಾಲದು" ಎಂದು ಇಸಿಯುಗೆ ಹೇಳುತ್ತದೆ. ಇಸಿಯು ಪಾಪ, ನಂಬಿ ಪೆಟ್ರೋಲ್ ಜಾಸ್ತಿ ಮಾಡುತ್ತದೆ. ಲೀಕ್ ಹಾಗೇ ಇರುತ್ತದೆ, ಸೆನ್ಸರ್ ಮತ್ತೆ ಅದನ್ನೇ ಹೇಳುತ್ತದೆ. ಪ್ಲಗ್ ಕಪ್ಪಾಗುವುದು, ಮೈಲೇಜ್ ಇಳಿಯುವುದು ಹೀಗೆ. ಥ್ರಾಟಲ್ ಬಿಟ್ಟಾಗ ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪ್‌ನಲ್ಲಿ ಈ ಗಾಳಿಗೆ ಸಿಕ್ಕರೆ ಪಟಾಕಿ.

ಇಂಜಿನ್ ಪೂರ್ತಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿ. ಒಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಎರಡು ಮೂರು ಸೆಕೆಂಡ್ ಅರ್ಧ ಮುಚ್ಚಲಿ. ಜಾಯಿಂಟ್ ಹತ್ತಿರ ಚಸ್ ಚಸ್ ಅಂತ ಕೇಳುತ್ತದಾ ನೋಡಿ. ಜಾಯಿಂಟ್‌ಗೆ ಸೋಪು ನೀರು ಬಳಿದಿದ್ದರೆ ಗುಳ್ಳೆ ಏಳುತ್ತದೆ. ಹೆಡ್ ಹತ್ತಿರ ಕಪ್ಪು ಗೆರೆ ಇದ್ದರೆ ಇಷ್ಟೂ ಬೇಡ, ಅದೇ ಸಾಕ್ಷಿ. ಅಂದ ಹಾಗೆ, ಗ್ಯಾಸ್ಕೆಟ್ ಹೊಸದು ಹಾಕಿದ್ದೀರಾ?

ಪ್ರಶ್ನೆ ಕೇಳಿದವರು: ಇಲ್ಲ ಸರ್. ಹಳೆಯದು ಚೆನ್ನಾಗಿಯೇ ಕಾಣ್ತಿತ್ತು.

ಟ್ಯೂನರ್: ಒಂದು ಸಲ ಅದುಮಿ ಚಪ್ಪಟೆಯಾದ ಗ್ಯಾಸ್ಕೆಟ್ ಇನ್ನೊಂದು ಪೈಪ್‌ಗೆ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿ. ನಟ್ ಎರಡನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೊಂದು ಬಿಗಿಯಿರಿ. ಆಮೇಲೆ ಸ್ಕ್ಯಾನರ್ ಹಾಕಿ ಇಸಿಯು ಕಲಿತಿರುವ ಫ್ಯೂಯಲ್ ಟ್ರಿಮ್ (ಪೆಟ್ರೋಲ್ ತಿದ್ದುಪಡಿಯ ಲೆಕ್ಕ) ಅಳಿಸಿ. ಇಲ್ಲದಿದ್ದರೆ ಲೀಕ್ ಹೋದರೂ ಅದು ಕೆಲವು ದಿನ ಹಳೇ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತಿರಬಹುದು.

ಇನ್ನೊಬ್ಬರು: ಎಕ್ಸಾಸ್ಟ್ ಪೂರ್ತಿ ಬಿಟ್ಟರೆ ಬ್ಯಾಕ್ ಪ್ರೆಷರ್ (ಹೊಗೆ ಹೊರಹೋಗಲು ಇರುವ ತಡೆ) ಹೋಗಿ ಪಿಕಪ್ ಸಾಯುತ್ತೆ ಅಂತಾರಲ್ಲ?

ಟ್ಯೂನರ್: ಪಿಕಪ್ ಬಿದ್ದಿದ್ದು ನಿಜ ಇರಬಹುದು, ಆದರೆ ಕಾರಣ ಅದಲ್ಲ. ಬ್ಯಾಕ್ ಪ್ರೆಷರ್ ಯಾವ ಇಂಜಿನ್‌ಗೂ ಬೇಕಿಲ್ಲ. ಪೈಪ್‌ನ ಉದ್ದ, ಅಗಲ ಬದಲಾದರೆ ಒತ್ತಡದ ಅಲೆ ವಾಲ್ವ್‌ಗೆ ವಾಪಸ್ ಬರುವ ಸಮಯ ಬದಲಾಗುತ್ತದೆ. ಮಧ್ಯದ ಆರ್‌ಪಿಎಂನಲ್ಲಿ ಸಿಗುತ್ತಿದ್ದ ಸಹಾಯ ಮೇಲಕ್ಕೆ ಸರಿದಿರುತ್ತದೆ. ಅದನ್ನು ಟ್ಯೂನಿಂಗ್‌ನಿಂದ ಪೂರ್ತಿ ವಾಪಸ್ ತರಲು ಆಗುವುದಿಲ್ಲ.

ಪ್ರಶ್ನೆ ಕೇಳಿದವರು: ಸರ್, ನೀವು ಹೇಳಿದ್ದು ನೂರಕ್ಕೆ ನೂರು! ಹೆಡ್ ಹತ್ತಿರ ಕೂದಲೆಳೆಯಷ್ಟು ಕಪ್ಪು ಗೆರೆ ಇತ್ತು. ಗ್ಯಾಸ್ಕೆಟ್ ಹಾಕಿ, ಟ್ರಿಮ್ ಅಳಿಸಿ 300 ಕಿಲೋಮೀಟರ್ ಓಡಿಸಿದೆ. ಪ್ಲಗ್ ಈಗ ಕಂದು. ಸಿಡಿತ ಮುಕ್ಕಾಲು ಪಾಲು ನಿಂತಿದೆ. ಆದರೆ 6,000 ಮೇಲೆ ಫುಲ್ ಥ್ರಾಟಲ್ ಕೊಟ್ಟರೆ ಇನ್ನೂ ಸಪ್ಪೆ. ಇದನ್ನು ಇಸಿಯು ಕಲಿತುಕೊಳ್ಳಲ್ವಾ?

ಟ್ಯೂನರ್: ಬಹುತೇಕ ಇಲ್ಲ. ನಿಮ್ಮ ಬೈಕಿನ ಓ2 ಸೆನ್ಸರ್ ತಕ್ಕಡಿಯ ಮುಳ್ಳಿನ ಹಾಗೆ. ಯಾವ ಕಡೆ ವಾಲಿದೆ ಎಂದು ಹೇಳುತ್ತದೆ, ಎಷ್ಟು ಗ್ರಾಂ ವ್ಯತ್ಯಾಸ ಎಂದು ಹೇಳುವುದಿಲ್ಲ. ಗಾಳಿ-ಪೆಟ್ರೋಲ್ 14.7:1 ಆದಾಗ ಸುಮಾರು 0.45 ವೋಲ್ಟ್. ವೋಲ್ಟ್ ಅದಕ್ಕಿಂತ ಮೇಲೆ ಹೋದರೆ ರಿಚ್ (ಪೆಟ್ರೋಲ್ ಜಾಸ್ತಿ), ಕೆಳಗಿಳಿದರೆ ಲೀನ್, ಅಷ್ಟೇ. ನಿಧಾನವಾಗಿ ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಇದನ್ನು ಕೇಳುತ್ತದೆ. ಫುಲ್ ಥ್ರಾಟಲ್‌ನಲ್ಲಿ ಬೇಕಾದದ್ದು ಸುಮಾರು 13:1. ಅಲ್ಲಿ ಸೆನ್ಸರ್ ಮಾತು ಪಕ್ಕಕ್ಕಿಟ್ಟು ಕಂಪನಿಯವರು ಬರೆದಿಟ್ಟ ಮ್ಯಾಪ್ (ಯಾವ ಆರ್‌ಪಿಎಂ, ಎಷ್ಟು ಥ್ರಾಟಲ್‌ಗೆ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ನೋಡಿಕೊಂಡೇ ಪೆಟ್ರೋಲ್ ಹಾಕುತ್ತದೆ. ಆ ಮ್ಯಾಪ್ ನಿಮ್ಮ ಹಳೆಯ ಫಿಲ್ಟರ್, ಹಳೆಯ ಪೈಪ್‌ಗೆ ಬರೆದದ್ದು. ಈಗ ಮೇಲಿನ ಆರ್‌ಪಿಎಂನಲ್ಲಿ ಗಾಳಿ ಜಾಸ್ತಿ ನುಗ್ಗುತ್ತಿದೆ, ಪೆಟ್ರೋಲ್ ಅಷ್ಟೇ ಇದೆ. ನಿಮಗೆ ಎಲ್ಲರೂ ಹೇಳಿದ "ಲೀನ್" ಇಲ್ಲಿ ಇರಬಹುದು. ಇದನ್ನು ಪ್ಲಗ್ ಬಣ್ಣ ನೋಡಿ ತೀರ್ಮಾನಿಸುವ ಹಾಗಿಲ್ಲ, ಅಳೆಯಲೇಬೇಕು.

ಬೆಂಡ್ ಪೈಪ್‌ನಲ್ಲಿ ವೈಡ್‌ಬ್ಯಾಂಡ್ ಸೆನ್ಸರ್ (ಎಷ್ಟು ವ್ಯತ್ಯಾಸ ಎಂದೂ ಅಳೆಯುವಂಥದ್ದು) ಕೂರಿಸಿ ಬೈಕನ್ನು ಡೈನೋ (ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಹತ್ತಿಸಿ. ಸೆನ್ಸರ್ ಕೆಳಮುಖವಾಗಿ ಇರಬಾರದು, ಗಡಿಯಾರದ 10ರಿಂದ 2 ಗಂಟೆಯ ಮುಳ್ಳಿನ ಹಾಗೆ ಮೇಲಕ್ಕಿರಲಿ. ಇಲ್ಲದಿದ್ದರೆ ಪೈಪ್‌ನ ನೀರು ಅದರ ಮೇಲೆ ಬಿದ್ದು ಸೀಳುತ್ತದೆ. ಮ್ಯಾಪ್ ಮಾಡುವಾಗ ಮೂಲ ಸೆನ್ಸರ್‌ನ ತಿದ್ದುಪಡಿ ಆಫ್ ಇರಲಿ. ಇಲ್ಲಾಂದ್ರೆ ನೀವು ಏರಿಸಿದ್ದನ್ನು ಅದು ಇಳಿಸುತ್ತಿರುತ್ತದೆ.

ಲೆಕ್ಕ ಸುಲಭ. ಉದಾಹರಣೆಗೆ 7,000 ಆರ್‌ಪಿಎಂ, ಫುಲ್ ಥ್ರಾಟಲ್‌ನಲ್ಲಿ 13.9 ಬಂತು ಅಂದುಕೊಳ್ಳಿ. ಬೇಕಾದದ್ದು 13.0. 13.9ನ್ನು 13.0ರಿಂದ ಭಾಗಿಸಿದರೆ 1.07. ಮ್ಯಾಪ್ ಪಟ್ಟಿಯ ಆ ಮನೆಗೆ ಶೇಕಡ 7 ಪೆಟ್ರೋಲ್ ಜಾಸ್ತಿ. ಅಕ್ಕಪಕ್ಕದ ಮನೆಗಳೂ ನಿಧಾನಕ್ಕೆ ಏರಿಳಿಯಬೇಕು, ಒಂದೇ ಕಡೆ ಗುಡ್ಡ ಎದ್ದರೆ ಬೈಕ್ ಜರ್ಕ್ ಹೊಡೆಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಆದರೆ 14.7 ಎನ್ನುವ ಅಂಕೆಯೇ ಇಳಿಯುತ್ತದೆ. ಅದಕ್ಕೇ ನಾನು ಲ್ಯಾಂಬ್ಡಾದಲ್ಲಿ (ಯಾವ ಪೆಟ್ರೋಲ್ ಆದರೂ ಸರಿಸಮ ಮಿಶ್ರಣವನ್ನು 1 ಎಂದು ಹಿಡಿಯುವ ಅಳತೆ) ನೋಡುತ್ತೇನೆ, ಫುಲ್ ಥ್ರಾಟಲ್‌ಗೆ ಸುಮಾರು 0.88. ಮೀಟರ್ ನೋಡಿಕೊಂಡು ರಸ್ತೆಯಲ್ಲಿ ಓಡಿಸುವ ಸಾಹಸ ಮಾತ್ರ ಬೇಡ.

ಇನ್ನೊಬ್ಬರು: ನಾನು ಓ2 ಡಮ್ಮಿ (ಸೆನ್ಸರ್ ಬದಲು ಸುಳ್ಳು ಸಿಗ್ನಲ್ ಕೊಡುವ ತುಂಡು) ಹಾಕಿದ್ದೀನಿ. ಇಂಜಿನ್ ಲೈಟ್ ಬರಲ್ಲ, ಆರಾಮ್!

ಟ್ಯೂನರ್: ಲೈಟ್ ಬರಲ್ಲ, ಇಸಿಯುಗೆ ಕಣ್ಣೂ ಇರಲ್ಲ. ಪಿಗ್ಗಿಬ್ಯಾಕ್‌ನಿಂದ ಎಲ್ಲಾ ಥ್ರಾಟಲ್‌ನಲ್ಲೂ ನೀವೇ ಪೆಟ್ರೋಲ್ ನಿರ್ಧರಿಸುತ್ತಿದ್ದರೆ ಡಮ್ಮಿಗೆ ಅರ್ಥವಿದೆ. ಸುಮ್ನೆ ಹಾಕಿದ್ದರೆ ಮೊದಲು ಮೈಲೇಜ್ ಲೆಕ್ಕ ಹಾಕಿ ನೋಡಿ.

ಪ್ರಶ್ನೆ ಕೇಳಿದವರು: ಹಾಗಾದರೆ ಪಿಗ್ಗಿಬ್ಯಾಕ್ ಬೇಕಾ, ರೀಮ್ಯಾಪ್ (ಇಸಿಯು ಮ್ಯಾಪನ್ನೇ ಮತ್ತೆ ಬರೆಸುವುದು) ಸಾಕಾ? ಇಗ್ನಿಷನ್ ಟೈಮಿಂಗ್ (ಪ್ಲಗ್ ಕಿಡಿ ಹಾರುವ ಸಮಯ) ಕೂಡ ಮುಂದೆ ತರಿಸಲಾ?

ಟ್ಯೂನರ್: ನಿಮ್ಮ ಇಸಿಯು ತೆರೆದು ಬರೆಯಲು ಬಂದರೆ ರೀಮ್ಯಾಪ್. ಹೆಚ್ಚು ವೈರ್ ಇಲ್ಲ, ಹೆಚ್ಚು ಡಬ್ಬಿ ಇಲ್ಲ. ಮೂಲ ಮ್ಯಾಪ್‌ನ ಕಾಪಿ ಮಾತ್ರ ಮೊದಲು ಇಸ್ಕೊಳ್ಳಿ. ಟೈಮಿಂಗ್ ಮುಟ್ಟಬೇಡಿ. ಪೆಟ್ರೋಲ್ ಸ್ವಲ್ಪ ತಪ್ಪಿದರೆ ಮಸಿ, ಟೈಮಿಂಗ್ ಅತಿಯಾದರೆ ಪಿಸ್ಟನ್.

ಪ್ರಶ್ನೆ ಕೇಳಿದವರು: ಕೊನೇ ಪ್ರಶ್ನೆ ಸರ್. ಫಿಲ್ಟರ್‌ನಲ್ಲಿ ಧೂಳು ಕೂತಿದೆ. ಡೈನೋ ಮುಗಿಸಿಕೊಂಡು ಬಂದು ತೊಳೆದರೆ ಆಗುತ್ತಾ?

ಟ್ಯೂನರ್: ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಯೇ ಹೋಗಿ. ಧೂಳಿನ ಫಿಲ್ಟರ್‌ಗೆ ಮ್ಯಾಪ್ ಬರೆಸಿದರೆ, ತೊಳೆದ ದಿನ ಮತ್ತೆ ಲೀನ್ ಅಂತ ನನಗೇ ಫೋನ್ ಮಾಡ್ತೀರಿ.