ಟಾಹೋಗೆ ಮೊದಲ ಸಲ ಸ್ಕೀ ಮಾಡಲು ಹೊರಟವರಿಗೆ, ಕಲಬುರಗಿಯಿಂದ

ಈಗ ಕ್ಯಾಲಿಫೋರ್ನಿಯಾದಲ್ಲಿರುವ ಯಾದಗಿರಿ ತಂಗಿ ನಮ್ಮ ಗುಂಪಿನಲ್ಲಿ ಕೇಳಿದ್ದನ್ನು ನಿನ್ನೆ ರಾತ್ರಿ ಓದಿದೆ. ಫೆಬ್ರವರಿಯಲ್ಲಿ ಅಲ್ಲಿನ ಶಾಲೆಗಳು ಕೊಡುವ ಸ್ಕೀ ವೀಕ್ ರಜೆಗೆ ಹಿಮದ ಬೆಟ್ಟಗಳ ನಡುವಿನ ಕೆರೆ ಲೇಕ್ ಟಾಹೋಗೆ ಹೋಗಬೇಕು, 6 ವರ್ಷದ ಮಗ, 9 ವರ್ಷದ ಮಗಳು, ಜೊತೆಗೆ ಊರಿಂದ ಬಂದಿರುವ ಅತ್ತೆ, ಯಾರಿಗೂ ಸ್ಕೀ (ಕಾಲಿಗೆ ಉದ್ದ ಪಟ್ಟಿ ಕಟ್ಟಿ ಹಿಮದ ಮೇಲೆ ಜಾರುವುದು) ಬರಲ್ಲ, ಯಾವ ರೆಸಾರ್ಟ್ ಒಳ್ಳೆಯದು ಅಂತ. ಎಲ್ಲರೂ ರೆಸಾರ್ಟ್ ಹೆಸರು ಹೇಳಿದ್ದೀರಿ. ರಸ್ತೆ ಬಗ್ಗೆ ಒಬ್ಬರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾವು 9 ವರ್ಷ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಫ್ರೀಮಾಂಟ್‌ನಲ್ಲಿದ್ದು ಕಲಬುರಗಿಗೆ ವಾಪಸ್ ಬಂದು 2 ವರ್ಷ ಆಯ್ತು. ನಮ್ಮ ಮೊದಲ ಟಾಹೋ ಪ್ರವಾಸವೂ ಹೀಗೇ ಶುರುವಾಗಿತ್ತು. ಮಗಳಿಗೆ ಆಗ 7 ವರ್ಷ. ಕ್ಲಾಸಿನ ಮಕ್ಕಳೆಲ್ಲ ಹೋಗಿ ಬಂದಿದ್ದಾರೆ, ನಾವು ಯಾಕೆ ಹೋಗಲ್ಲ ಅಂತ ದಿನಾ ಕೇಳುತ್ತಿದ್ದಳು. ಫೋನಿನಲ್ಲಿ ಅವ್ವ, "ಇಂಥಾ ಥಂಡಿಯೊಳಗ ಕೂಸಿನ್ನ ಕರಕೊಂಡು ಎಲ್ಲಿ ಹೊಂಟೀರವ್ವ?" ಅಂದರು. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನವರು ನಾವು. ಹಿಮದಲ್ಲಿ ಕಾರು ಹೇಗೆ ಓಡಿಸಬೇಕು ಅಂತ ನಮಗೆ ಮನೆಯಲ್ಲಿ ಯಾರು ಹೇಳಿಕೊಡಬೇಕಿತ್ತು?

ಬೇ ಏರಿಯಾದಿಂದ ಟಾಹೋಗೆ ಸುಮಾರು 200 ಮೈಲಿ. ರಸ್ತೆ ಖಾಲಿ ಇದ್ದರೆ ನಾಲ್ಕು ಗಂಟೆ, ಹಿಮ ಬಿದ್ದರೆ ಎಂಟೂ ಆಗಬಹುದು. ಕೆರೆಯ ಉತ್ತರಕ್ಕೆ ಹೋಗಲು ಇಂಟರ್‌ಸ್ಟೇಟ್ 80, ದಕ್ಷಿಣಕ್ಕೆ ಹೋಗಲು ಹೈವೇ 50. ಎರಡೂ 7,000 ಅಡಿಗಿಂತ ಎತ್ತರದ ಘಾಟಿ ದಾಟುತ್ತವೆ. ಹಿಮದ ಬಿರುಗಾಳಿ ಬಂದರೆ ಅಲ್ಲಿ ಚೈನ್ ಕಂಟ್ರೋಲ್ ಹಾಕುತ್ತಾರೆ, ಅಂದರೆ ಹಿಮದಲ್ಲಿ ಜಾರದ ಹಾಗೆ ಟೈರಿನ ಸುತ್ತ ಚೈನ್ ಕಟ್ಟಿಕೊಳ್ಳಬೇಕು ಅನ್ನುವ ನಿಯಮ. ಆರ್-1, ಆರ್-2, ಆರ್-3 ಅಂತ ಮೂರು ಹಂತ. ನಮ್ಮಂಥವರಿಗೆ ಜಾಸ್ತಿ ಸಿಗುವುದು ಆರ್-2. ಫೋರ್ ವೀಲ್ ಡ್ರೈವ್ ಇದ್ದು, ನಾಲ್ಕೂ ಟೈರ್ ಹಿಮಕ್ಕೆ ಆಗುವಂಥವಾದರೆ ಹಾಗೇ ಬಿಡುತ್ತಾರೆ, ಇಲ್ಲದಿದ್ದರೆ ಚೈನ್ ಹಾಕಲೇಬೇಕು. ಹಾಗೆ ಬಿಟ್ಟರೂ ಡಿಕ್ಕಿಯಲ್ಲಿ ಚೈನ್ ಇರಲೇಬೇಕು. ಆರ್-3 ಅಂದರೆ ಯಾವ ಗಾಡಿಯೇ ಆಗಲಿ ಚೈನ್ ಬೇಕು, ಸಾಮಾನ್ಯವಾಗಿ ಅಷ್ಟರೊಳಗೆ ರಸ್ತೆಯನ್ನೇ ಮುಚ್ಚಿಬಿಡುತ್ತಾರೆ. ಹೊರಡುವ ಮುಂಚೆ ಅಲ್ಲಿನ ರಸ್ತೆ ಇಲಾಖೆ ಕ್ಯಾಲ್‌ಟ್ರಾನ್ಸ್‌ನವರ ಕ್ವಿಕ್‌ಮ್ಯಾಪ್ ಅನ್ನುವ ಆನ್‌ಲೈನ್ ರಸ್ತೆ ನಕ್ಷೆ ನೋಡಿ, ಅರ್ಧ ದಾರಿಯಲ್ಲಿ ನಿಲ್ಲಿಸಿ ಇನ್ನೊಂದು ಸಲ ನೋಡಿ.

ನಮಗೆ ಏನಾಯ್ತು ಅಂದರೆ, ಚೈನ್ ಇತ್ತು, ಆದರೆ ಹಳೆಯ ಕಾರಿಗೆ ಅಂತ ತಂದ ಡಬ್ಬಿ. ಹೈವೇ 50ರಲ್ಲಿ ರಸ್ತೆ ಪಕ್ಕ ನಿಲ್ಲಿಸಿ ನಮ್ಮ ಮನೆಯವರು ಹಿಮದಲ್ಲಿ ಮೊಣಕಾಲೂರಿ ಕೂತರು. ಉಣ್ಣೆ ಗ್ಲೌಸು ಎರಡೇ ನಿಮಿಷದಲ್ಲಿ ತೊಯ್ದುಹೋಯಿತು, ಅದನ್ನು ತೆಗೆದು ಬರಿಗೈಯಲ್ಲಿ ಕೊಂಡಿ ಎಳೆದರೆ ನಾಲ್ಕು ಬೆರಳಿನಷ್ಟು ಕಡಿಮೆ ಬಂತು. ಕೊಂಡಿ ಕೂಡಲೇ ಇಲ್ಲ. ಬೆರಳು ಕೆಂಪಾಗಿ ಸೆಟೆದುಕೊಂಡವು, ಹಿಂದಿನ ಸೀಟಿನಲ್ಲಿ ಮಗಳು ಅಳುತ್ತಿದ್ದಳು. ಆವತ್ತು ಅಲ್ಲಿಂದಲೇ ತಿರುಗಿ ಬೆಟ್ಟದ ಕೆಳಗಿನ ಪ್ಲೇಸರ್‌ವಿಲ್ ಊರಿನಲ್ಲಿ ಉಳಿದೆವು. ಅದಕ್ಕೇ ಹೇಳುತ್ತೇನೆ, ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆ ಓದಿಕೊಂಡು ಚೈನ್ ತನ್ನಿ, ಮನೆ ಮುಂದೆ ಬಿಸಿಲಲ್ಲಿ ಎರಡು ಸಲ ಹಾಕಿ ತೆಗೆದು ನೋಡಿ. ಮುಂದಿನ ಚಕ್ರ ಎಳೆಯುವ ಕಾರಾದರೆ ಮುಂದಿನದಕ್ಕೆ ಹಾಕಬೇಕು. ಬಾಡಿಗೆ ಕಾರಾದರೆ ಮೊದಲೇ ಕೇಳಿ, ಚೈನ್ ಹಾಕಲು ಎಷ್ಟೋ ಕಂಪನಿಯವರು ಬಿಡಲ್ಲ.

ಮತ್ತೆ ಸ್ಕೀ ವೀಕ್ ಶುರುವಾಗುವ ವಾರಾಂತ್ಯ. ಪ್ರೆಸಿಡೆಂಟ್ಸ್ ಡೇ ಅನ್ನುವ ಅಮೆರಿಕದ ರಜೆ ಫೆಬ್ರವರಿಯ ಮೂರನೇ ಸೋಮವಾರ. ಅದರ ಹಿಂದಿನ ಶುಕ್ರವಾರ ಸಂಜೆ ಹೊರಡುವುದು ಒಂದೇ, ಶರಣಬಸವೇಶ್ವರ ಜಾತ್ರೆ ದಿನ ಗುಡಿ ಮುಂದೆ ಗಾಡಿ ತರುವುದು ಒಂದೇ. ವಾರಪೂರ್ತಿ ರಜೆ ಇದ್ದರೆ ಮಂಗಳವಾರ ಹೋಗಿ ಗುರುವಾರ ಬನ್ನಿ.

ಈಗ ರೆಸಾರ್ಟ್. ಪ್ಯಾಲಿಸೇಡ್ಸ್‌ನಲ್ಲಿ 1960ರ ಚಳಿಗಾಲದ ಒಲಿಂಪಿಕ್ಸ್ ನಡೆದಿದೆ, ದೊಡ್ಡ ಬೆಟ್ಟ, ಆದರೆ ಮೊದಲ ದಿನ ನೀವು ನಿಲ್ಲುವುದು ನೂರಿನ್ನೂರು ಅಡಿ ಉದ್ದದ ಇಳಿಜಾರಿನಲ್ಲಿ. ಅಷ್ಟಕ್ಕೆ ಟಾಹೋ ಡೋನರ್, ಸೋಡಾ ಸ್ಪ್ರಿಂಗ್ಸ್‌ನಂಥ ಸಣ್ಣ ಜಾಗ ಸಾಕು. ಉಳಿದ ದುಡ್ಡನ್ನು ಪಾಠಕ್ಕೆ ಹಾಕಿ. ಹೊಸಬರ ಪ್ಯಾಕೇಜ್ ಅಂತ ಕೇಳಿ, ಪಾಠ, ಸ್ಕೀ, ಬೂಟು, ಬೆಟ್ಟ ಹತ್ತಿಸುವ ಲಿಫ್ಟ್ ಎಲ್ಲ ಸೇರಿ ಕೊಡುತ್ತಾರೆ. ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ, ರಜೆಯಲ್ಲಿ ಮಕ್ಕಳ ಕ್ಲಾಸು ಬೇಗ ತುಂಬುತ್ತದೆ. ನಾನೇ ಕಲಿಸ್ತೀನಿ ಅಂತ ಯಾರಾದರೂ ಗೆಳೆಯರು ಹೇಳಿದರೆ ದಯವಿಟ್ಟು ಒಪ್ಪಬೇಡಿ.

ಬೂಟಿನ ವಿಷಯದಲ್ಲಿ ನಾಚಿಕೆ ಬೇಡ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಬೇಕು, ಮೊಣಕಾಲು ಮಡಚಿದಾಗ ಸ್ವಲ್ಪ ಹಿಂದೆ ಸರಿಯಬೇಕು. ಥಂಡಿ ಅಂತ ಎರಡೆರಡು ಸಾಕ್ಸ್ ಹಾಕಬೇಡಿ, ತೆಳುವಾದ ಒಂದು ಉದ್ದ ಸಾಕ್ಸ್ ಸಾಕು. ಒಳಗೆ ಕಾಟನ್ ಬೇಡವೇ ಬೇಡ, ಬೆವರಿಗೆ ಒದ್ದೆಯಾಗಿ ಮೈಗೆ ಅಂಟಿ ಕೊರೆಯುತ್ತದೆ. ಜೀನ್ಸ್ ಕೂಡ ಅಷ್ಟೇ. ಸನ್‌ಸ್ಕ್ರೀನ್ ಮರೆಯಬೇಡಿ, ಬಿಸಿಲು ಹಿಮಕ್ಕೆ ಬಡಿದು ಕೆಳಗಿಂದಲೂ ಮುಖ ಸುಡುತ್ತದೆ.

ಮಕ್ಕಳಿಗೆ ಮೊದಲು ಹೇಳಿಕೊಡುವುದು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂದೆ ಅಗಲಿಸಿ ನಿಲ್ಲುವುದು. ಪಿಜ್ಜಾ ಅನ್ನುತ್ತಾರೆ, ಅದೇ ಬ್ರೇಕು. ನಮ್ಮ ಮಗಳು ಬೆಳಿಗ್ಗೆ ಒಂದು ಗಂಟೆ ಅತ್ತಳು, ಊಟದ ಹೊತ್ತಿಗೆ ಒಬ್ಬಳೇ ಇಳಿಯುತ್ತಿದ್ದಳು. ನಾನು ದೊಡ್ಡವರ ಕ್ಲಾಸಿನಲ್ಲಿ ಬಿದ್ದು ಏಳಲು ಒದ್ದಾಡುತ್ತಿದ್ದಾಗ ಆಚೆ ಕಡೆಯಿಂದ ಜೋರಾಗಿ ಕೂಗಿದಳು: "ಅವ್ವಾ, ಸ್ಕೀ ಅಡ್ಡ ಇಡು, ಆಮ್ಯಾಲೆ ಏಳು!" ಮನೆಯಲ್ಲಿ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಿದ್ದ ಮಗು. ಇವತ್ತಿಗೂ ಆ ದನಿ ನನ್ನ ಕಿವಿಯಲ್ಲಿದೆ. ಅದಕ್ಕೇ ಮಕ್ಕಳನ್ನು ಕ್ಲಾಸಿಗೆ ಬಿಟ್ಟು ನೀವು ಕಾಫಿ ಕುಡಿಯುತ್ತಾ ಕೂರಬೇಡಿ. ನೀವೂ ಕಲಿಯಿರಿ, ಅವರೂ ನೋಡಲಿ.

ಅತ್ತೆಯವರನ್ನು ಖಂಡಿತ ಕರೆದುಕೊಂಡು ಹೋಗಿ. ಸೌತ್ ಲೇಕ್ ಟಾಹೋದಲ್ಲಿ ಹೆವನ್ಲಿ ರೆಸಾರ್ಟಿನ ಗೊಂಡೊಲಾ (ತಂತಿಗೆ ನೇತು ಮೇಲೆ ಹೋಗುವ ಡಬ್ಬಿ) ಇದೆ, ಸ್ಕೀ ಮಾಡದವರೂ ಹತ್ತಬಹುದು. 9,123 ಅಡಿ ಎತ್ತರದ ಕಟ್ಟೆಯ ಮೇಲೆ ನಿಂತರೆ ಇಡೀ ಕೆರೆ ಕಾಣುತ್ತದೆ. ಸುತ್ತ ಅಷ್ಟು ಹಿಮ ಇದ್ದರೂ ಟಾಹೋ ಹೆಪ್ಪುಗಟ್ಟಲ್ಲ, 1,645 ಅಡಿ ಆಳ ಇದೆ. ಆದರೆ ಕೆರೆಯ ದಂಡೆಯೇ ಸುಮಾರು 1,900 ಮೀಟರ್ ಎತ್ತರದಲ್ಲಿದೆ, ನಮ್ಮ ಕಲಬುರಗಿ 450. ಹೋದ ದಿನವೇ ಮೇಲೆ ಹತ್ತಿಸಬೇಡಿ, ಒಂದು ದಿನ ಕೆಳಗೆ ವಿಶ್ರಾಂತಿ ಇರಲಿ, ನೀರು ಜಾಸ್ತಿ ಕುಡಿಸಿ. ಬಿಪಿ, ಉಸಿರಿನ ತೊಂದರೆ ಇದ್ದರೆ ಮೊದಲೇ ಡಾಕ್ಟರನ್ನು ಕೇಳಿ.

ಬೆಟ್ಟದ ಮೇಲಿನ ಕ್ಯಾಂಟೀನ್ ಬಹಳ ತುಟ್ಟಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ, ಕಾರಿನಲ್ಲಿ ಸಿಕ್ಕಿಕೊಂಡರೂ ಅದೇ ಕೈ ಹಿಡಿಯುತ್ತದೆ. ಟ್ಯಾಂಕ್ ತುಂಬಿಸಿಕೊಳ್ಳಿ, ಕಾರಿನಲ್ಲಿ ಎರಡು ಕಂಬಳಿ ಇರಲಿ.

ಇನ್ನೊಂದು. ಮಗಳ ಹಿಮದ ಪ್ಯಾಂಟು, ಜಾಕೆಟ್, ಗ್ಲೌಸು ಎಲ್ಲ ಫ್ರೀಮಾಂಟ್‌ನಲ್ಲಿ ನನ್ನ ತಮ್ಮನ ಗ್ಯಾರೇಜಿನಲ್ಲಿವೆ, ನಿಮ್ಮ ಮಗಳಿಗೆ ಆಗಬಹುದು. ಆಮೇಲೆ ತಂದ ಸರಿಯಾದ ಚೈನೂ ಅಲ್ಲೇ ಇದೆ. ನಿಮ್ಮ ಟೈರಿನ ಅಳತೆ ಬರೆದು ಕಳಿಸಿ, ಹೊಂದಿದರೆ ಅವನಿಗೆ ತೆಗೆದಿಡಲು ಹೇಳುತ್ತೇನೆ.