‘ಸಬ್‌ಜೇಸೆಂಟ್’ ಎಂದರೆ ಅಡಿಯದೋ, ಕೆಳಗಿನದೋ?

ಪ್ರಶ್ನೆ
ಭೂವಿಜ್ಞಾನದ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮರಳುಗಲ್ಲಿನ ಪದರವೊಂದನ್ನು ವರ್ಣಿಸಿದ ಬಳಿಕ ಲೇಖಕರು ‘ಸಬ್‌ಜೇಸೆಂಟ್’ ಶಿಲೆಯ ಮಾತೆತ್ತುತ್ತಾರೆ. ‘ಅಡ್ಜೇಸೆಂಟ್’ ಎಂದರೆ ಪಕ್ಕದ್ದು ಎಂದು ಗೊತ್ತಿದ್ದುದರಿಂದ ಇದು ಕೆಳಗಿನದಿರಬೇಕೆಂದು ಊಹಿಸಿದೆ. ಆದರೆ ನಿಘಂಟಿನಲ್ಲಿ ‘ನೇರವಾಗಿ ಅಡಿಯಲ್ಲಿಲ್ಲದಿದ್ದರೂ ತಗ್ಗಿನಲ್ಲಿರುವ’ ಎಂಬ ಅರ್ಥವೂ ಇದೆ. ಒಂದೇ ಪದ ಇವೆರಡನ್ನೂ ಹೇಗೆ ಹೇಳುತ್ತದೆ? ನಾನು ಯಾವುದನ್ನು ಆರಿಸಿಕೊಳ್ಳಲಿ?

ಮೊದಲ ಉತ್ತರ
ನಿಮ್ಮ ಊಹೆ ಸರಿಯಾದ ದಾರಿಯಲ್ಲಿದೆ. ಲ್ಯಾಟಿನ್ನಿನಲ್ಲಿ ‘ಸುಬ್’ ಎಂದರೆ ಕೆಳಗೆ, ‘ಯಕೇರೆ’ ಎಂದರೆ ಬಿದ್ದುಕೊಂಡಿರುವುದು. ಮೇಲಿರುವುದಕ್ಕೆ ‘ಸೂಪರ್‌ಜೇಸೆಂಟ್’, ಸುತ್ತಲಿರುವುದಕ್ಕೆ ‘ಸರ್ಕಮ್‌ಜೇಸೆಂಟ್’ ಎನ್ನುವ ಪದಗಳೂ ಇದೇ ಧಾತುವಿನವು. ಒಂದನ್ನೊಂದು ಮುಟ್ಟಿಕೊಂಡಿರಬೇಕೆಂಬ ಕಟ್ಟು ಆ ಧಾತುವಿನಲ್ಲಿ ಇಲ್ಲದ್ದರಿಂದಲೇ, ಗುಡ್ಡಗಳ ಮೇಲೆ ನಿಂತವರಿಗೆ ತಗ್ಗಿನಲ್ಲಿ ಕಾಣುವ ಕಣಿವೆಯೂ, ಚರ್ಮದ ಹೊರಪದರಕ್ಕೆ ಅಂಟಿಕೊಂಡೇ ಇರುವ ಒಳಗಿನ ಅಂಗಾಂಶವೂ ಸಬ್‌ಜೇಸೆಂಟ್ ಎನಿಸಿಕೊಳ್ಳುತ್ತವೆ.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ. ಚಾಪೆಯ ಅಡಿಯಲ್ಲಿ ಕಾಗದವಿದೆ ಎಂದರೆ ಚಾಪೆ ಅದನ್ನು ಮುಚ್ಚಿದೆ ಎಂದೇ ಅರ್ಥ. ಗುಡ್ಡದ ಕೆಳಗೆ ಹೊಲವಿದೆ ಎಂದರೆ ಹೊಲ ತಗ್ಗಿನಲ್ಲಿದೆ, ಅಷ್ಟೇ. ಹಾಗಾಗಿ ನಿಮ್ಮ ವಾಕ್ಯಕ್ಕೆ ‘ಮರಳುಗಲ್ಲಿನ ಅಡಿಯಲ್ಲಿರುವ ಶಿಲೆ’ ಎಂಬುದು ಸಾಕು. ‘ಅಧಃಸ್ಥಿತ’ ಎಂದೂ ಬರೆಯಬಹುದು, ಆದರೆ ಓದುಗರನ್ನು ಅಲ್ಲಿ ತಡೆದು ನಿಲ್ಲಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಎರಡನೆಯ ಉತ್ತರ
ಈ ಪದ ಇಂದಿಗೂ ಜೀವಂತವಾಗಿರುವ ಇನ್ನೊಂದು ಕ್ಷೇತ್ರ ಕಾನೂನು. ನೆಲದ ಮೇಲ್ಮೈ ಒಬ್ಬರದು, ಅದರೊಳಗಿನ ಖನಿಜ ಇನ್ನೊಬ್ಬರದು ಆಗಿರುವಾಗ, ಅಗೆಯುವವರು ಮೇಲಿನ ನೆಲ ಕುಸಿಯದಂತೆ ಉಳಿಸಬೇಕಾದ ಆಸರೆಗೆ ‘ಸಬ್‌ಜೇಸೆಂಟ್ ಸಪೋರ್ಟ್’ ಎನ್ನುತ್ತಾರೆ. ಇಂಗ್ಲೆಂಡಿನ ನ್ಯಾಯಾಲಯವು 1850ರಲ್ಲಿ ಹಂಫ್ರೀಸ್ ಮತ್ತು ಬ್ರಾಗ್ಡನ್ ನಡುವಿನ ಮೊಕದ್ದಮೆಯಲ್ಲಿ ಈ ಹಕ್ಕನ್ನು ಎತ್ತಿಹಿಡಿಯಿತು. ಪಕ್ಕದ ಜಮೀನು ಕೊಡುವ ಆಸರೆಗೆ ‘ಲ್ಯಾಟರಲ್ ಸಪೋರ್ಟ್’ ಎಂಬ ಬೇರೆಯೇ ಹೆಸರಿದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದ. ‘ಅಂಡರ್‌ಲೈಯಿಂಗ್’ ಇರುವ ಕಡೆಯಲ್ಲೆಲ್ಲ ಇದನ್ನು ಬಳಸಬಹುದೇ?

ಮೊದಲ ಉತ್ತರ ಬರೆದವರು
ಶಿಲೆ, ಮಣ್ಣು, ಅಂಗಾಂಶಗಳ ಮಟ್ಟಿಗೆ ಬಳಸಬಹುದು. ಜಗಳವೊಂದರ ಮೂಲಕಾರಣವನ್ನು ಹೇಳುವಾಗ ‘ಅಂಡರ್‌ಲೈಯಿಂಗ್’ ಸಹಜವಾಗಿ ಬರುತ್ತದೆ. ಅಲ್ಲಿ ‘ಸಬ್‌ಜೇಸೆಂಟ್’ ಎಂದರೆ ಕೃತಕವಾಗಿ ಕೇಳಿಸುತ್ತದೆ. ಯಾವುದರ ಅಡಿಯಲ್ಲಿ ಎಂದು ಹೇಳಬೇಕಾದರೆ ಈ ಪದದ ಬಳಿಕ ‘ಟು’ ಸೇರಿಸಬೇಕೆಂಬುದನ್ನೂ ಮರೆಯಬೇಡಿ.